ಕೈ ಮೇಲಕ್ಕೆ ಏಳಲ್ಲ

ಅಂಟಕ್ಕಿಯ ಹಬೆ ಬರುತ್ತಿದೆ, ಈಗಷ್ಟೇ ಇಳಿಸಿದ ಅನ್ನ, ಇಳಿಸಿದವರು ಯಾರು ಮತ್ತೆ, ಈ ಕಂಬದ ಮೇಲಿನ ಮನೆಯಲ್ಲಿ ಇರುವುದು ಕಂಪುನ್ ಅಜ್ಜಿ ಒಬ್ಬಳೇ, ಆದರೂ ನನ್ನೆದುರು ಚಾಪೆಯ ಮೇಲೆ ಕೂತು ಕೈ ನಡುಗಿಸುತ್ತಿದ್ದಾಳೆ — ಏನ್ ಮಾಡ್ಲಿ ಬುವಾಲೈ, ತುತ್ತು ಬಾಯಿಗೇ ಹೋಗಲ್ಲ ಕಣೇ. ಎಂಬತ್ತನಾಲ್ಕು ವರ್ಷ, ಸುಳ್ಳು ಕೂರದ ಮುಖ. ನಿನ್ನೆ ಸಂಜೆ ಏಣಿ ಹತ್ತಿ ಹುಣಸೆ ಚಿಗುರು ಕೀಳುತ್ತಿದ್ದವಳು ಇವಳೇ, ಸೈಕಲ್ಲಿನಿಂದ ನೋಡಿದೆ, ಕೂಗಲಿಲ್ಲ, ಬೆದರಿ ಬಿದ್ದಾಳೆಂದು. ಊರ ಆರೋಗ್ಯ ಸ್ವಯಂಸೇವಕಿಯಾಗಿ ನನಗೆ ಹತ್ತೊಂಬತ್ತು ವರ್ಷ, ವರ್ಷಕ್ಕೊಮ್ಮೆ ಇದೇ ಹಾಳೆ, ತಾವೇ ಉಣ್ಣುತ್ತಾರೆಯೇ, ಮೀಯುತ್ತಾರೆಯೇ, ಮೆಟ್ಟಿಲು ಹತ್ತುತ್ತಾರೆಯೇ, ಇಪ್ಪತ್ತಕ್ಕೆ ಹನ್ನೆರಡು ಅಂಕ ಮುಟ್ಟದವರ ಮನೆಗೆ ವಾರಕ್ಕೆ ಮೂರು ದಿನ ಆರೈಕೆಯವಳು ಬರುತ್ತಾಳೆ, ಮುಟ್ಟಿದವರ ಮನೆಗೆ ಯಾರೂ ಇಲ್ಲ. ಮೆಟ್ಟಿಲು? ಅಯ್ಯೋ ಆಗಲ್ಲಮ್ಮ. ಗುಂಡಿ? ಬೆರಳೇ ಬಗ್ಗಲ್ಲ. ರವಿಕೆಯ ಐದೂ ಗುಂಡಿ ನೆಟ್ಟಗೆ ಹಾಕಿದೆ. ನಗು ಬಂತು, ಹಿಂದೆಯೇ ಇನ್‌ಕಾವ್ ನೆನಪಾದ, ಪಾರ್ಶ್ವವಾಯು ಹೊಡೆದು ಮಲಗಿದವನು, ಬೆನ್ನೆಲ್ಲ ಹುಣ್ಣು, ಆರೈಕೆಯವಳು ಊರಿಗೆಲ್ಲ ಒಬ್ಬಳೇ, ಇಲ್ಲಿಗೆ ಬಂದಳೆಂದರೆ ಅಲ್ಲಿಗೆ ತಪ್ಪುತ್ತಾಳೆ. ತಲೆ ಬಾಚ್ಕೊಳ್ತೀರಾ ಅಜ್ಜಿ? ಕೈ ಮೇಲಕ್ಕೇ ಏಳಲ್ಲ. ನಾನೇ ಬಾಚಿದೆ, ಹತ್ತಿಯಂಥ ಕೂದಲು, ಅವಳು ಕಣ್ಣು ಮುಚ್ಚಿದಳು, ಬಾಚಿ ಮುಗಿದ ಮೇಲೂ ತೆರೆಯಲಿಲ್ಲ — ನನಗೂ ಅರವತ್ತೇಳು, ಗಂಡ ಸತ್ತು ಮೂರು ವರ್ಷ, ಚಿಯಾಂಗ್‌ರಾಯ್ ಪಟ್ಟಣದಿಂದ ಬಂದ ನರ್ಸ್ ಇದೇ ಹಾಳೆ ಹಿಡಿದು ನನ್ನನ್ನೂ ಕೇಳಿದಳು, ಇಪ್ಪತ್ತಕ್ಕೆ ಇಪ್ಪತ್ತು ಅಕ್ಕಾ ಎಂದು ಚಪ್ಪಾಳೆ ತಟ್ಟಿದಳು, ಮನೆಗೆ ಹೋಗಿ ಒಂದೇ ತಟ್ಟೆ ತೊಳೆದಿಟ್ಟೆ. ಇನ್ನೊಬ್ಬರ ಕೈ ಮೈಗೆ ತಾಕಿ ಎಷ್ಟು ದಿನವಾಯಿತು, ಆ ಪ್ರಶ್ನೆ ಹಾಳೆಯಲ್ಲಿಲ್ಲ. ಏಯ್, ಇದೇನೇ ನಿನ್ ತಲೇಲಿ ಕಸ, ಕಣ್ಣು ಬಿಟ್ಟ ಅಜ್ಜಿ ಅಂದಳು, ಅಂದವಳು ಎಲ್ಲ ಮರೆತಳು, ಏಳದ ಕೈ ಎದ್ದು ನೇರ ನನ್ನ ತಲೆಗೆ ಬಂತು, ಒಣ ಎಲೆಯೊಂದನ್ನು ಆರಿಸಿ ಎಸೆದು ಮತ್ತೆ ಬಂತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇನ್‌ಕಾವ್‌ನ ಬೆನ್ನು ಕಣ್ಣಿಗೆ ಕಟ್ಟಿತು. ಪೆನ್ನು ಎತ್ತಿ ತಾವೇ ಮಾಡಬಲ್ಲರು ಎಂದು ಗುರುತು ಹಾಕಿದೆ, ಮೇಲಿನ ಸಾಲುಗಳನ್ನೂ ತಿದ್ದಿದೆ, ಇಪ್ಪತ್ತಕ್ಕೆ ಹತ್ತೊಂಬತ್ತು. ಹಂಗಾದ್ರೆ ನೀನಿನ್ನು ಬರೋದು ಮುಂದಿನ್ ವರ್ಷನೇ ಅನ್ನು, ಅಂದಳು, ದನಿಯಲ್ಲಿ ಸಿಟ್ಟಿರಲಿಲ್ಲ. ಹಾಳೆ ಮಡಚುತ್ತಿದ್ದೇನೆ, ಎಲೆ ಹೋಯಿತು, ಕಸವಿಲ್ಲ, ಆದರೂ ಕೈ ನನ್ನ ಕೂದಲಲ್ಲೇ ಇದೆ, ಬೆಚ್ಚಗಿದೆ, ನಡುಗುತ್ತಿಲ್ಲ, ಇಳಿಯುತ್ತಿಲ್ಲ, ಆ ಕೈ —