ರಾಷ್ಟ್ರದ ಸಾಲಕ್ಕೆ ವನ್ಸ್ ಮೋರ್

ಪಟ್ಟಾಭಿರಾಮನಿಗೆ ಮೂವತ್ತು ತುಂಬಿದ್ದರೂ ಮದುವೆಯಾಗಿರಲಿಲ್ಲ. ರೂಪದಲ್ಲಿ ಕುಂದಿರಲಿಲ್ಲ, ಜಾತಕದಲ್ಲಿ ದೋಷವಿರಲಿಲ್ಲ, ಇದ್ದದ್ದೆಲ್ಲ ಬಾಯಲ್ಲಿ. ತುಮಕೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದ ಈ ಮನುಷ್ಯ, ಕರಿಹಲಗೆಯ ಕಡೆ ಮುಖ ಮಾಡಿಕೊಂಡರೆ ಗಂಟೆಗಟ್ಟಲೆ ಮಾತಾಡಬಲ್ಲ. ಜನರ ಕಡೆ ತಿರುಗಿದನೋ, ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹುಡುಗರು ಅವನ ಬೆನ್ನನ್ನು ನೋಡಿಯೇ ಪರೀಕ್ಷೆ ಪಾಸು ಮಾಡುತ್ತಿದ್ದರು.

ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದಾಗಲೂ ಅದೇ ಆಯಿತು. ಹುಡುಗಿಯ ತಂದೆ ಸೀತಾರಾಮಯ್ಯ ನಿವೃತ್ತ ಅಮಲ್ದಾರರು. ಆಯುಷ್ಯವೆಲ್ಲ ಕಂದಾಯ ವಸೂಲಿ ಮಾಡಿದವರು. ತೆರಿಗೆಯ ವಿಷಯ ತಮಗಲ್ಲದೆ ಮತ್ತಾರಿಗೂ ಗೊತ್ತಿಲ್ಲವೆಂದು ನಂಬಿದವರು. ಹುಡುಗ ಅರ್ಥಶಾಸ್ತ್ರದವನು ಎಂದು ಕೇಳಿ ಖುಷಿಯಾಗಿ, "ಈ ಸಲದ ಬಜೆಟ್ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಎಂದರು. ಪಟ್ಟಾಭಿರಾಮ ತಟ್ಟೆಯ ಕೇಸರೀಬಾತನ್ನು ಪೂರ್ತಿ ಮುಗಿಸಿ "ಹೂಂ" ಎಂದ. ಅಷ್ಟೇ. ಗಾಬರಿಯಲ್ಲಿ ಜೇಬಿನ ಸೀಮೆಸುಣ್ಣ ತೆಗೆದು ತಿರುವುತ್ತಾ ಕೂತು ಕರಿ ಕೋಟನ್ನೆಲ್ಲ ಬೆಳ್ಳಗೆ ಮಾಡಿಕೊಂಡಿದ್ದ. ಅದನ್ನು ನೋಡಿ ಹುಡುಗಿ ಕೌಸಲ್ಯ ನಕ್ಕಳು. ಗೇಲಿಯ ನಗುವಲ್ಲ. ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಕೈಗೆ ಕೊಟ್ಟು, "ಒರೆಸ್ಕೊಳಿ" ಎಂದಳು. ಆ ಒಂದು ಮಾತಿಗೆ ಪಟ್ಟಾಭಿರಾಮ ಸೋತುಹೋದ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಕರಿಹಲಗೆಯೇ ಗತಿ ಎಂದುಕೊಂಡು ಬಸ್ಸು ಹತ್ತಿದ.

ಇತ್ತ ಸೀತಾರಾಮಯ್ಯನವರು, "ಮೂಗನಿಗೆ ಮಗಳನ್ನ ಕೊಡೋಲ್ಲ" ಎಂದು ಕೂತರು. ಹೆಂಡತಿ ಅಲಮೇಲಮ್ಮ ಬಿಡಲಿಲ್ಲ. ಕೊನೆಗೆ ಸೀತಾರಾಮಯ್ಯನವರು, "ಗುಬ್ಬಿ ವಾಚನಾಲಯದ ಚರ್ಚಾಕೂಟಕ್ಕೆ ನಾನೇ ಅಧ್ಯಕ್ಷ. ಅಲ್ಲಿ ಬಂದು ನಾಲ್ಕು ಜನರ ಮುಂದೆ ನಿಂತು ಮಾತಾಡ್ಲಿ. ಮಾತಾಡಿದ್ರೆ ಹುಡುಗಿ ಕೊಡ್ತೀನಿ" ಎಂದು ಮಾತು ಕೊಟ್ಟರು. ಕೊಡುವಾಗಲೇ, ಇವನೆಲ್ಲಿ ಮಾತಾಡುತ್ತಾನೆ ಎಂಬ ಧೈರ್ಯ ಅವರಿಗಿತ್ತು.

ಅದು ಐವತ್ತೇಳನೆಯ ಇಸವಿಯ ಆಷಾಢ. ಸಂಪತ್ತಿದ್ದರೂ ತೆರಿಗೆ, ಖರ್ಚು ಮಾಡಿದರೂ ತೆರಿಗೆ ಎಂದು ದಿಲ್ಲಿಯ ಬಜೆಟ್ ಹೊಸ ರಾಗ ತೆಗೆದಿತ್ತು. ಚರ್ಚೆಯ ವಿಷಯವೂ ಅದೇ: ಸರ್ಕಾರ ಸಾಲ ಮಾಡುವುದನ್ನು ನಿಲ್ಲಿಸಬೇಕು, ಖರ್ಚು ತಗ್ಗಿಸಬೇಕು, ಕಂಪನಿಗಳ ಮೇಲಿನ ತೆರಿಗೆ ಇಳಿಸಬೇಕು. ಇದನ್ನು ವಿರೋಧಿಸಿ ಮಾತಾಡಬೇಕಾದವನು ಪಟ್ಟಾಭಿರಾಮ. ಬೇರೆ ಊರಾಗಿದ್ದರೆ ಇಂಥ ವಿಷಯಕ್ಕೆ ಅಧ್ಯಕ್ಷರು ಮತ್ತು ನೊಣಗಳು ಮಾತ್ರ ಬರುತ್ತಿದ್ದವು. ಆದರೆ ಗುಬ್ಬಿಯವರಿಗೆ ಸ್ಟೇಜು ಕಟ್ಟಿದರೆ ಸಾಕು, ಮೇಲೆ ಏನು ನಡೆಯುತ್ತದೆ ಎಂದು ಕೇಳುವುದಿಲ್ಲ. ಭಾನುವಾರ ಮೂರು ಗಂಟೆಗೇ ನಾಟಕದ ಕೊಟ್ಟಿಗೆ ತುಂಬಿಹೋಯಿತು.

ಗುಬ್ಬಿಯ ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ನಾಟಕದಲ್ಲಿ ಹಾಡು ಹಿಡಿಸಿದರೆ ಜನ "ವನ್ಸ್ ಮೋರ್" ಎಂದು ಕೂಗುತ್ತಾರೆ, ನಟ ಇನ್ನೊಮ್ಮೆ ಹಾಡುತ್ತಾನೆ. ಅದು ಎಲ್ಲ ಊರಿನ ಸಂಗತಿ. ಗುಬ್ಬಿಯ ಆ ಕೊಟ್ಟಿಗೆಯಲ್ಲಿ ಹರಿಕಥೆಗೂ ವನ್ಸ್ ಮೋರ್ ಬೀಳುತ್ತಿತ್ತು, ಎಲೆಕ್ಷನ್ ಭಾಷಣಕ್ಕೂ ಬೀಳುತ್ತಿತ್ತು. ಬಿದ್ದ ಮೇಲೆ ಹೇಳಿದವರು ಇನ್ನೊಮ್ಮೆ ಹೇಳಲೇಬೇಕು.

ಚರ್ಚೆಗೆ ವಿಘ್ನ ಮೊದಲೇ ಕಾದಿತ್ತು. ಸಾಲದ ವಿರುದ್ಧ ಮಾತಾಡಬೇಕಿದ್ದ ವಕೀಲರಿಗೆ ಜ್ವರ. ವಾಚನಾಲಯದ ಕಾರ್ಯದರ್ಶಿ, ಅಡಿಕೆ ಮಂಡಿಯ ವೀರಭದ್ರಯ್ಯ, ಕೈಗೆ ಸಿಕ್ಕಿದ ಅಡವಿಯಪ್ಪನನ್ನು ಎಳೆದು ತಂದು ನಿಲ್ಲಿಸಿದರು. ಅಡವಿಯಪ್ಪ ನಲವತ್ತು ವರ್ಷ ನಾಟಕದ ಕಂಪನಿಯಲ್ಲಿದ್ದವನು. ದುರ್ಯೋಧನ, ಕಂಸ, ಕೀಚಕ, ಎಲ್ಲ ಖಳರೂ ಅವನೇ. ಈಗ ಕಂಪನಿ ಇಲ್ಲ, ಸೋಡಾ ಅಂಗಡಿ ಇದೆ. ಅರ್ಥಶಾಸ್ತ್ರ ಗೊತ್ತಿಲ್ಲದಿದ್ದರೇನು, ಗಂಟಲಿತ್ತು.

"ನಮ್ ಕಂಪನಿ ಹೆಂಗ್ ಮುಳುಗ್ತು ಗೊತ್ತೇನ್ರಪ್ಪಾ?" ಎಂದು ಅವನು ಶುರುಮಾಡಿದ. "ಸಾಲದಿಂದ! ಮಾಲೀಕ್ರು ಸಾಲ ತಂದು ಮಖಮಲ್ಲಿನ ಪರದೆ ಮಾಡ್ಸುದ್ರು. ಪರದೆ ಉಳೀತು, ನಾವ್ ಬೀದಿಗ್ ಬಿದ್ವಿ. ಈಗ ದಿಲ್ಲಿನೋರೂ ಅದೇ ಮಾಡ್ತಾವ್ರೆ. ಅಣೆಕಟ್ಟಂತೆ, ಉಕ್ಕಿನ ಕಾರ್ಖಾನೆಯಂತೆ! ದುಡಿಯೋ ಕಂಪನಿ ಮ್ಯಾಲೆ ತೆರಿಗೆ ಹೊರ್ಸೋದು, ಸಾಲ್ದಿದ್ರೆ ಪರದೇಶದೋರ್ ಮುಂದೆ ಕೈ ಚಾಚೋದು! ಎಲವೋ ಸಾಲವೇ, ಈ ಭರತಖಂಡವನ್ನೇ ನುಂಗಲು ಬಂದೆಯಾ?"

"ವನ್ಸ್ ಮೋರ್!" ಎಂದಿತು ಕೊಟ್ಟಿಗೆ. ಅಡವಿಯಪ್ಪ ಇನ್ನೊಮ್ಮೆ ಹೇಳಿದ. ಮತ್ತೆ ಬಿತ್ತು. ಈ ಸಲ ಮೀಸೆ ತಿರುವಿ, ಕಾಲು ಅಪ್ಪಳಿಸಿ ಹೇಳಿದ. ಎಲ್ಲರಿಗೂ ಕಾಣುವಂತೆ ಸ್ಟೇಜಿನ ಅಂಚಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸೀತಾರಾಮಯ್ಯನವರು ಅಧ್ಯಕ್ಷರೆಂಬುದನ್ನು ಮರೆತು ಚಪ್ಪಾಳೆ ತಟ್ಟಿದರು.

ಆಮೇಲೆ ಪಟ್ಟಾಭಿರಾಮನ ಸರದಿ. ಎದ್ದು ಬಂದ. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ತಾಯಿಯ ಪಕ್ಕ ಕೂತ ಕೌಸಲ್ಯ ಕಂಡಳು. ಕಂಡದ್ದೇ ತಡ, ಇದ್ದಬದ್ದ ಧೈರ್ಯವೂ ಹೋಯಿತು. ಅಭ್ಯಾಸದಂತೆ ಕರಿಹಲಗೆ ಹುಡುಕಿದ. ಹಿಂದುಗಡೆ ಅರಮನೆ ಬರೆದ ಪರದೆಯೊಂದು ನೇತಾಡುತ್ತಿತ್ತು. ಸಭೆಗೆ ಬೆನ್ನು ಹಾಕಿ ಆ ಅರಮನೆಗೆ, "ಸಾರ್ವಜನಿಕ ಸಾಲದ ಸ್ವರೂಪವನ್ನು ಮೊದಲು ವಿಂಗಡಿಸಬೇಕಾಗುತ್ತದೆ" ಎಂದು ಹೇಳತೊಡಗಿದ.

"ಮೇಷ್ಟ್ರೇ, ಈ ಕಡೆ ತಿರುಕ್ಕಳಿ. ಜನ ಇಲ್ಲಿ ಅವ್ರೆ," ಎಂದರು ವೀರಭದ್ರಯ್ಯ.

ತಿರುಗಿದ. ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಕೆಮ್ಮಿದರು. ಬಡಪಾಯಿಯ ಕಣ್ಣಲ್ಲಿ ನೀರಾಡಿತು. ಬಜೆಟ್ಟಿಗಾಗಿ ಅಲ್ಲ, ಕುಣಿಗಲ್ಲಿಗಾಗಿ. ಸೀತಾರಾಮಯ್ಯನವರು ನೆಮ್ಮದಿಯಾಗಿ ಗಡಿಯಾರ ನೋಡಿ, ಹಿಂದಿನ ಮೇಜಿನ ಮೇಲಿದ್ದ ಗಂಟೆಗೆ ಕೈ ಚಾಚಿದರು.

"ವನ್ಸ್ ಮೋರ್!"

ಹೆಣ್ಣು ದನಿ. ಆ ಕೊಟ್ಟಿಗೆ ಕಟ್ಟಿದಂದಿನಿಂದ ಹೆಂಗಸೊಬ್ಬಳು ವನ್ಸ್ ಮೋರ್ ಕೂಗಿದ್ದಿಲ್ಲ. ಗಂಡಸರೆಲ್ಲ ಕತ್ತು ತಿರುಗಿಸಿದರು. ಕೌಸಲ್ಯ ಕೆಂಪಗಾಗಿ ನೆಲ ನೋಡುತ್ತಿದ್ದಳು. ಅಲಮೇಲಮ್ಮ ಏನೂ ಆಗಲಿಲ್ಲವೆಂಬಂತೆ ಬಳೆ ಸರಿಮಾಡಿಕೊಂಡರು. ಸೀತಾರಾಮಯ್ಯನವರ ಕೈ ಗಂಟೆಯ ಮೇಲೇ ನಿಂತಿತು. ಮಗಳ ದನಿ ತಂದೆಗೆ ಗೊತ್ತಾಗದೆ ಇರುತ್ತದೆಯೇ?

"ವನ್ಸ್ ಮೋರ್ ಬಿದ್ದದೆ ಸ್ವಾಮಿ. ಮೇಷ್ಟ್ರು ಇನ್ನೊಂದ್ಸಲ ಹೇಳ್ಬೇಕು," ಎಂದರು ವೀರಭದ್ರಯ್ಯ.

"ಏನನ್ರೀ ಹೇಳೋದು? ಅವರು ಏನೂ ಹೇಳೇ ಇಲ್ವಲ್ಲ!"

"ಅದ್ ನಮಗ್ ಬ್ಯಾಡ. ಗುಬ್ಬೀಲಿ ವನ್ಸ್ ಮೋರ್‌ಗೆ ಇಲ್ಲ ಅಂದೋರಿಲ್ಲ."

ತನಗಾಗಿ ಒಬ್ಬಳು ಇಷ್ಟು ಜನರ ಮುಂದೆ ಮರ್ಯಾದೆ ಬಿಟ್ಟು ಕೂಗಿದಳಲ್ಲ ಎಂಬುದು ಪಟ್ಟಾಭಿರಾಮನ ಎದೆಗೆ ತಾಗಿತು. ಇನ್ನೂ ಸುಮ್ಮನಿದ್ದರೆ ತಾನು ಗಂಡಸೇ ಅಲ್ಲ ಅನ್ನಿಸಿತು. ಸಭೆಯನ್ನು ನೋಡುವ ಗೋಜಿಗೆ ಹೋಗದೆ, ಸ್ಟೇಜಿನ ಮೇಲೇ ಪಕ್ಕಕ್ಕೆ ನಿಂತಿದ್ದ ಅಡವಿಯಪ್ಪನೊಬ್ಬನನ್ನೇ ದಿಟ್ಟಿಸಿ ಕೇಳಿದ:

"ಅಡವಿಯಪ್ಪನವರೇ, ಸಾಲ ಮಾಡಿ ತಂದ ಪರದೆ ಈಗ ಎಲ್ಲಿದೆ?"

"ಇದೇ ಕಣಪ್ಪ, ಇಲ್ಲಿ ಮುಂದ್ಗಡೆ ಕಟ್ಟಿರಾದು," ಎಂದ ಅಡವಿಯಪ್ಪ. "ಹರಾಜಲ್ಲಿ ಈ ಕೊಟ್ಟಿಗೆಯೋರು ತಕ್ಕಂಡ್ರು."

"ಪರದೆ ಬಂದ ಮೇಲೆ ಜನ ಜಾಸ್ತಿ ಬಂದ್ರೋ, ಕಡಿಮೆ ಬಂದ್ರೋ?"

"ಏನ್ ಮಾತು! ಟಿಕೀಟ್ ಸಿಗದೆ ಮರ ಹತ್ತಿ ಕೂತ್ಕಂಡು ನೋಡೋರು."

"ಹಾಗಾದ್ರೆ ಬಂದ ದುಡ್ಡೆಲ್ಲ ಏನಾಯ್ತು? ಸಾಲ ಯಾಕೆ ತೀರಲಿಲ್ಲ?"

ಅಡವಿಯಪ್ಪ ತಲೆ ಕೆರೆದುಕೊಂಡ. "ಮಾಲೀಕ್ರು ಕಾರ್ ತಕ್ಕಂಡ್ರು. ಆಮ್ಯಾಕೆ ಮಗಳ ಮದುವೆ ಮಾಡುದ್ರು, ಹದಿನೈದ್ ದಿನ ಊಟ."

ಸಭೆ ಗೊಳ್ಳೆಂದು ನಕ್ಕಿತು. ನಕ್ಕದ್ದು ತನ್ನನ್ನಲ್ಲ ಎಂದು ತಿಳಿಯುತ್ತಲೇ ಪಟ್ಟಾಭಿರಾಮನ ದನಿ ಬಿಚ್ಚಿತು. "ಅಣೆಕಟ್ಟಿಗೆ ಸಾಲ ಮಾಡೋದು ಪರದೆಗೆ ಮಾಡಿದ ಹಾಗೆ; ಮಕ್ಕಳ ಕಾಲಕ್ಕೂ ಅದು ದುಡಿಯುತ್ತೆ. ಊಟಕ್ಕೆ ಸಾಲ ಮಾಡಿದ್ರೆ ನಿಮ್ಮ ಜೊತೆ ನಾನೂ ಬೈತೀನಿ. ಇನ್ನು ತೆರಿಗೆ. ನಿಮ್ಮ ಕಂಪನಿ ಸಾಮಾನೆಲ್ಲ ಊರಿಂದೂರಿಗೆ ಯಾವುದರಲ್ಲಿ ಹೋಗ್ತಿತ್ತು?"

"ರೈಲಲ್ಲಿ."

"ರೈಲು ಯಾರದ್ದು?"

"ಸರ್ಕಾರದ್ದು."

"ಆ ರೈಲು ಹತ್ತಿ ಲಾಭ ಮಾಡಿದ ಮಾಲೀಕರು ಸರ್ಕಾರಕ್ಕೆ ಒಂದು ಪಾಲು ಕೊಟ್ರೆ ತಪ್ಪೇ? ಹೇಳಿ ಅಡವಿಯಪ್ಪನವರೇ! ಕಂಪನಿಯನ್ನ ಮುಳುಗಿಸಿದ್ದು ಸಾಲವೋ, ಮಾಲೀಕರ ದುಂದೋ?"

ಪಟ್ಟಾಭಿರಾಮ ಕೈ ಎತ್ತಿ ನಿಂತಿದ್ದ. ಅಡವಿಯಪ್ಪನ ಪಾಡು ನೀವೇ ಯೋಚಿಸಿ. ನಲವತ್ತು ವರ್ಷ, ಎದುರಿನ ನಾಯಕ ದನಿ ಏರಿಸಿ ಕೈ ಎತ್ತಿದ ಅಂದರೆ ಅದು ಅವನು ಸಾಯುವ ಹೊತ್ತು. ಇದು ಚರ್ಚಾಕೂಟ ಎಂಬುದು ತಲೆಗೆ ಹೋಗುವ ಮೊದಲೇ ಕೈ ಎದೆ ಹಿಡಿಯಿತು, ಬಾಯಿ "ಹಾ!" ಎಂದಿತು. ಎರಡು ಸುತ್ತು ತಿರುಗಿ, ಶಾಲು ಕೊಳೆಯಾಗದಂತೆ ಹೆಗಲಿಗೆ ಎಳೆದುಕೊಂಡು ದಬಾರನೆ ಬಿದ್ದ. ಸಿಳ್ಳೆ ಎದ್ದಿತು. ಖಳ ಬಿದ್ದ ಮೇಲೆ ಏನು ಮಾಡಬೇಕೆಂದು ಪರದೆಯ ಹಗ್ಗ ಹಿಡಿದು ಕೂತಿದ್ದ ಕೊಟ್ಟಿಗೆಯ ಆಳು ಓಬಳಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪರದೆ ಬಿಟ್ಟ.

ಮಖಮಲ್ಲಿನ ಪರದೆ ಸರ್ರನೆ ಇಳಿದು ವಾದಿ, ಪ್ರತಿವಾದಿ, ಮೇಜು, ಗಂಟೆ ಎಲ್ಲವನ್ನೂ ನುಂಗಿತು. ಹೊರಗೆ ಉಳಿದವರು ಅಂಚಿನ ಕುರ್ಚಿಯಲ್ಲಿದ್ದ ಸೀತಾರಾಮಯ್ಯನವರೊಬ್ಬರೇ.

"ಇದು ಚರ್ಚೆಯೇನ್ರೀ?" ಎಂದು ಅವರು ಹರಿಹಾಯ್ದರು. "ನನ್ನ ಮತ ಅಡವಿಯಪ್ಪನ ಕಡೆಗೇ. ಆದರೆ ಬಿದ್ದವನಿಗೆ ಬಹುಮಾನ ಹೇಗೆ ಕೊಡೋದು?"

"ಬ್ಯಾಡ ಬುಡಿ ಸ್ವಾಮಿ, ಸತ್ತೋನ್ಗ್ಯಾಕೆ," ಎಂದಿತು ಪರದೆಯ ಒಳಗಿನಿಂದ ಅಡವಿಯಪ್ಪನ ದನಿ.

ಆಗ ಅಲಮೇಲಮ್ಮ ಎದ್ದು ನಿಂತರು. "ಬಹುಮಾನ ಹಾಗಿರಲಿ. ಮನೇಲಿ ಆಡಿದ ಮಾತು ಏನಾಯ್ತ್ರೀ? ಹುಡುಗ ಮಾತಾಡಿದ್ನೋ ಇಲ್ವೋ?"

ಸೀತಾರಾಮಯ್ಯನವರು ಅತ್ತ ಇತ್ತ ನೋಡಿದರು. ಹಿಂದೆ ಪರದೆ, ಮುಂದೆ ಗುಬ್ಬಿ. ಮೀಸೆಯೊಳಗೇ, "ಮಾತಾಡಿದ. ಶ್ರಾವಣ ಬರಲಿ, ಕೊಡ್ತೀನಿ" ಎಂದು ಗೊಣಗಿದರು. ಕುಣಿಗಲ್ ಬಸ್ಸಿನಲ್ಲಿ ಕೂತ ಮೇಲೆ, ನಾನು ಹೇಳಿದ್ದು ಹಾಗಲ್ಲ, ನೋಡೋಣ ಅಂದೆ ಎನ್ನಬಹುದು ಎಂಬುದು ಅವರ ಲೆಕ್ಕ. ಅಮಲ್ದಾರಿಕೆಯಲ್ಲಿ ಅಂಥ ಎಷ್ಟೋ ಮಾತನ್ನು ಅವರು ಜೀರ್ಣಿಸಿಕೊಂಡಿದ್ದರು.

"ವನ್ಸ್ ಮೋರ್!" ಎಂದಿತು ಕೊಟ್ಟಿಗೆ.

ಗಂಟೆಗೆ ಕೈ ಚಾಚಿದರು; ಗಂಟೆ ಪರದೆಯ ಆಚೆ ಇತ್ತು. ಕೆಳಗೆ ವೀರಭದ್ರಯ್ಯ ಕೈ ಮುಗಿದು ನಿಂತಿದ್ದರು. ಬೇರೆ ದಾರಿಯಿಲ್ಲದೆ ಅಮಲ್ದಾರರು ಎದ್ದು ನಿಂತು, ಕೋಟು ಜಗ್ಗಿಕೊಂಡು, "ಶ್ರಾವಣದಲ್ಲಿ ನನ್ನ ಮಗಳು ಕೌಸಲ್ಯನ್ನ ಈ ಪಟ್ಟಾಭಿರಾಮನಿಗೆ ಕೊಡ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಚಪ್ಪಾಳೆ ಅಡಗುವ ಮೊದಲೇ ಇನ್ನೊಂದು ವನ್ಸ್ ಮೋರ್ ಬಿತ್ತು. ಇಡೀ ಕೊಟ್ಟಿಗೆಗೆ ಕೇಳಿಸುವ ಹಾಗೆ ಪರದೆಯ ಹಿಂದಿನಿಂದ ಕೂಗಿದವನು ಪಟ್ಟಾಭಿರಾಮ.