ನಾಲ್ಕು ಎಣಿಕೆಯಷ್ಟು ಮೌನ

"ಹಸಿರು ರಟ್ಟಿನ ಪುಸ್ತಕ ಎಲ್ಲಿಟ್ಟಿದೀರಿ?" ಕಪಾಟಿನ ಮುಂದೆ ಮಂಡಿಯೂರಿ ಕೂತಿದ್ದ ಹೆಂಡತಿ ತಿರುಗದೆಯೇ ಕೇಳಿದಳು.

ಅವನು ಪಿಯಾನೋ ಕಡೆ ನೋಡಿದ. ಪುಸ್ತಕ ಅಲ್ಲೇ ತೆರೆದುಕೊಂಡಿತ್ತು. ತನ್ನ ಸಂಗೀತದ ಪುಸ್ತಕಗಳನ್ನು ಒಯ್ಯಲು ಅವಳು ಬರುತ್ತಾಳೆಂದು ಬೆಳಗ್ಗೆಯಿಂದ ಮನೆಯನ್ನೆಲ್ಲ ಗುಡಿಸಿ ಒರೆಸಿದ್ದವನಿಗೆ ಅದೊಂದನ್ನು ಮುಚ್ಚಿಡಲು ಮರೆತುಹೋಗಿತ್ತು.

ಅವಳು ಅಕ್ಕನ ಮನೆ ಸೇರಿ ಮೂರು ವರ್ಷವಾಗಿತ್ತು. ಜಗಳವಾಡಿ ಹೋದವಳಲ್ಲ. ಒಂದು ದಿನ ಊಟಕ್ಕೆ ಕೂತಾಗ ಏನೋ ಹೇಳಹೊರಟಳು. ಇವನು ಎಂದಿನಂತೆ ಆ ಮಾತನ್ನು ತಾನೇ ಮುಗಿಸಿಬಿಟ್ಟ. "ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಮಾತನ್ನೂ ಪೂರ್ತಿ ಆಡಿಲ್ಲ," ಎಂದಳು, ತಟ್ಟೆ ನೋಡುತ್ತಾ. ಮರುವಾರ ಹೊರಟಳು.

ಅವನು ಮನೆಮನೆಗೆ ಹೋಗಿ ಪಿಯಾನೋಗಳಿಗೆ ಶ್ರುತಿ ಕೂಡಿಸುವವನು. ಕಿವಿ ಬಲು ಚುರುಕು, ನುಡಿಸುವ ಕೈ ಮಾತ್ರ ಅಷ್ಟಕ್ಕಷ್ಟೇ. ಪಿಟೀಲು ಪಾಠ ಹೇಳುವ ಹೆಂಡತಿಗೆ ಜೊತೆ ಕೊಡಲೆಂದೇ, ಪಿಟೀಲು ಪಿಯಾನೋ ಎರಡಕ್ಕೂ ಬರೆದ ಒಂದು ಸೊನಾಟಾದ ಎರಡನೇ ಭಾಗವನ್ನು ಒದ್ದಾಡಿಕೊಂಡು ಕಲಿತಿದ್ದ. ಡಿ ಮೈನರ್ ಎಂಬ ದುಗುಡದ ಶ್ರುತಿಯಲ್ಲಿತ್ತು. ಪುಟದ ಮೇಲುಗಡೆ 'ಅಡಾಜಿಯೋ' ಎಂದು ಅಚ್ಚಾಗಿತ್ತು.

"ಅಡಾಜಿಯೋ ಅಂದ್ರೆ ನಿಧಾನ. ನಿಮ್ಮ ಲೆಕ್ಕದಲ್ಲಿ, ಬೇಗ ಮುಗಿಸಿ ಕಾಲ್ಕೀಳೋಣ ಅಂತ," ಎಂದು ಮೊದಮೊದಲು ಅವಳು ನಗುತ್ತಿದ್ದಳು.

ತೊಂದರೆಯೆಲ್ಲ ಒಂದೇ ಜಾಗದಲ್ಲಿ. ನಡುವೆ ಪಿಯಾನೋ ನಾಲ್ಕು ಎಣಿಕೆ ಸುಮ್ಮನಿರಬೇಕು. ಪಿಟೀಲು ಒಂದೇ ಸ್ವರವನ್ನು ಎಳೆದು, ತೆಳುವಾಗಿಸಿ, ಮೆಲ್ಲಗೆ ಹಗುರವಾದ ಮೇಜರ್‌ಗೆ ಹೊರಳಬೇಕು. ಅತ್ತು ದಣಿದವರು ಕಣ್ಣೊರೆಸಿಕೊಂಡು ಎದ್ದು ಕಿಟಕಿ ತೆರೆದ ಹಾಗೆ. ಇವನು ಮೂರಕ್ಕೇ ನುಗ್ಗುತ್ತಿದ್ದ. ಆ ಸ್ವರ ಈ ಮನೆಯಲ್ಲಿ ತನ್ನ ಪಾಡಿಗೆ ತಾನು ಮುಗಿದದ್ದೇ ಇಲ್ಲ.

"ಈಗಲೂ ನುಡಿಸ್ತೀರಾ?" ಅವಳು ಎದ್ದು ಬಂದು ಪುಸ್ತಕ ಮುಟ್ಟಿದಳು.

"ದಿನಾ ಸಂಜೆ. ನಿನ್ನ ಭಾಗ ಮನಸ್ಸಲ್ಲೇ ಹಾಡ್ಕೊಂಡು."

"ಮನಸ್ಸಲ್ಲಾದ್ರೂ ಮುಗಿಸೋಕೆ ಬಿಡ್ತೀರಾ ನನ್ನ?"

ಅವನಿಗೆ ನಗು ಬಂತು. "ಒಂದೇ ಒಂದ್ಸಲ ನುಡಿಸೋಣವಾ?"

"ಅಕ್ಕ ಕಾಯ್ತಿರ್ತಾಳೆ. ಆರಕ್ಕೆ ಡಾಕ್ಟರ ಹತ್ರ ಹೋಗ್ಬೇಕು, ಮಂಡಿ ನೋವು ಅವಳಿಗೆ," ಎಂದು ಗಡಿಯಾರ ನೋಡಿದಳು. ಪಾಠ ಮುಗಿಸಿ ನೇರ ಬಂದಿದ್ದರಿಂದ ಪಿಟೀಲು ಜೊತೆಗಿತ್ತು. ಗಡಿಯಾರದತ್ತ ಮತ್ತೊಮ್ಮೆ ನೋಡಿ, ಪೆಟ್ಟಿಗೆಯ ಮುಚ್ಚಳ ತೆಗೆದಳು.

ವಯಸ್ಸಾದವರ ಕೈ ಹಿಡಿದು ಮೆಟ್ಟಿಲು ಹತ್ತಿಸುವ ನಡೆಯಲ್ಲಿ ಅವನು ಶುರುಮಾಡಿದ. ಒಂದು ಕಡೆ ತಪ್ಪು ಕೀ ಒತ್ತಿದ; ಅವಳ ಹುಬ್ಬು ಮೇಲಕ್ಕೆ ಹೋಗಿ ಇಳಿಯಿತು. ಆಮೇಲೆ ಆ ಜಾಗ ಬಂತು. ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ. ಒಂದು. ಎರಡು. ಮೂರಕ್ಕೆ ಬೆರಳು ಹಾರಿದವು. ತೊಡೆಯ ಕೆಳಗೆ ಅದುಮಿಟ್ಟ. ನಾಲ್ಕು. ಸ್ವರ ಇನ್ನೂ ನಿಂತಿರಲಿಲ್ಲ. ಪುಟದಲ್ಲಿ ಬರೆದದ್ದಕ್ಕಿಂತ ಉದ್ದಕ್ಕೆ ಅವಳು ಎಳೆಯುತ್ತಿದ್ದಳು. ಅವನು ಎಣಿಸುವುದನ್ನೇ ಬಿಟ್ಟ. ಕೆಳಗಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ಸ್ವರ ಎಳೆಯಂತೆ ಸಣ್ಣಗಾಗಿ, ಇನ್ನೇನು ಇಲ್ಲ ಎನ್ನುವಾಗ ಹೊರಳಿತು. ಅವಳು ಕಣ್ಣು ತೆರೆದು ತಲೆಯಾಡಿಸಿದಳು. ಆಗಷ್ಟೇ ಅವನು ಕೈ ಎತ್ತಿದ.

ಮುಗಿದ ಮೇಲೂ ಅವಳು ಪಿಟೀಲಿನ ಕಮಾನು ಇಳಿಸಲಿಲ್ಲ. "ನಾನು..." ಎಂದಳು.

ಆ ಮಾತನ್ನು ಮುಗಿಸಲು ಅವನಿಗೆ ಮೂರು ದಾರಿ ಗೊತ್ತಿತ್ತು. ಮೂರೂ ನಾಲಿಗೆ ತುದಿಗೆ ಬಂದು ನಿಂತಿದ್ದವು. ನುಂಗಿಕೊಂಡ.

"ನಾನು ಹೊರಡ್ಬೇಕು," ಎಂದಳು ಬಹಳ ಹೊತ್ತಾದ ಮೇಲೆ.

"ಹೂಂ."

ಪುಸ್ತಕದೊಳಗಿಂದ ತನ್ನ ಪಿಟೀಲಿನ ಹಾಳೆಗಳನ್ನು ಮಾತ್ರ ಬಿಡಿಸಿಕೊಂಡಳು. ಪಿಯಾನೋದ ಪುಸ್ತಕವನ್ನು ಅಲ್ಲೇ ಬಿಟ್ಟಳು. ಬಾಗಿಲ ತನಕ ಬಂದ ಅವನು "ಮತ್ತೆ ಯಾವಾಗ" ಎಂದು ಕೇಳಲಿಲ್ಲ; ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಪೂರ್ತಿ ಇಳಿಯುವ ತನಕ ನಿಂತಿದ್ದ.

ಸ್ವಲ್ಪ ಹೊತ್ತಿಗೆ ಕಿಟಕಿಗೆ ಬಂದಾಗ, ಅವಳು ಹತ್ತಿದ ಬಸ್ಸು ಕೆಳಗೆ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತಿತ್ತು. ಅವಳು ಕಿಟಕಿ ಪಕ್ಕ ಕೂತಿದ್ದಳು, ಪೆಟ್ಟಿಗೆ ತೊಡೆಯ ಮೇಲೆ. ಮೇಲೆ ನೋಡಲಿಲ್ಲ. ಅವಳ ಎಡಗೈ ಬೆರಳುಗಳು ಪೆಟ್ಟಿಗೆಯ ಮೇಲೆ, ತಂತಿಗಳ ಮೇಲೆಂಬಂತೆ, ನಿಧಾನವಾಗಿ ಸರಿದು, ಒಂದು ಕಡೆ ನಿಂತು, ಮತ್ತೆ ಸರಿಯುತ್ತಿದ್ದವು.