ಧಂ ಅನ್ನದ ಪೆಟ್ಟಿಗೆ

ಪಾಮನಕಲ್ಲೂರಿನ ನಿಂಗರಾಜ ಹಾಡಿಗೆ ಧಂ ಧಂ ಸದ್ದು ಕೊಡುವಂಥ ಒಂದು ಸಬ್‌ವೂಫರ್ ಮಾಡಿದ್ದ. ತಾನೇ ಕೊಯ್ದು ಜೋಡಿಸಿದ ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ, ಮುಂದೆ ದೊಡ್ಡ ಸ್ಪೀಕರು, ಅದರ ಮೇಲೆ ಗಾಳಿಯಾಡಲು ಅಂಗೈಯಗಲದ ತೂತು. ಇನ್ನು ಬೇಕಾಗಿದ್ದು ಆಂಪ್ಲಿಫೈಯರ್ ಒಂದೇ.

ಸಿಂಧನೂರಿನ ಅಂಗಡಿಯ ಸಂಗನಬಸವ, "ಮನ್ಯಾಗ ಹಚ್ಚಿ ನೋಡ್ರಿ, ಸೇರಲಿಲ್ಲಂದ್ರ ಬದಲಿ ಕೊಡ್ತೀನಿ" ಎಂದು ಸಣ್ಣದೊಂದನ್ನು ಕೊಟ್ಟ. ಮನೆಗೆ ತಂದು ಹಚ್ಚಿದರೆ ಪೆಟ್ಟಿಗೆ ಗಂಟಲು ಕಟ್ಟಿದವರಂತೆ ಗೊರಗುಟ್ಟಿತು. ನಿಂಗರಾಜ ಸಂಗನಬಸವನ ವಂಶವನ್ನೆಲ್ಲ ಬೈಯುತ್ತ ಮತ್ತೆ ಬಸ್ಸು ಹತ್ತಿ, ಅದನ್ನು ವಾಪಸ್ ಕೊಟ್ಟು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನೇ ಹೊತ್ತು ತಂದ. ವಾಲ್ಯೂಮು ತಿರುಗಿಸಿದ್ದೇ ತಡ, ತೂತಿನಿಂದ ಹೆಸರುಕಾಳು ಪಟಪಟನೆ ಸಿಡಿದು ಅವನ ಮುಖಕ್ಕೇ ಬಡಿದವು.

"ಯವ್ವಾ! ಇದರಾಗ ಕಾಳು ಯಾರು ತುಂಬ್ಯಾರ?"

"ನಾನಪಾ," ಎಂದಳು ತಾಯಿ ಅಯ್ಯಮ್ಮ. "ನೀ ಮೊದಲ ಸಲ ಸಿಂಧನೂರಿಗೆ ಹೋದಾಗ ತುಂಬೀನಿ. ಗಟ್ಟಿ ಪೆಟ್ಟಿಗಿ, ಮ್ಯಾಲ ತೂತು. ಕಾಳಿಡಾಕ ಮಾಡೀಯಂತ ಅನಕೊಂಡೆ."

ನಿಂಗರಾಜ ತಲೆಯ ಮೇಲೆ ಕೈ ಹೊತ್ತು ಕುಳಿತ. ಅಯ್ಯಮ್ಮ ಮಾತ್ರ ಮೊರ ತಂದು ತೂತಿನ ಕೆಳಗೆ ಹಿಡಿದಳು.

"ಇನ್ನೊಂಚೂರು ತಿರುವಲೇ, ಪಲ್ಯಕ್ಕ ಸಾಲಂಗಿಲ್ಲ. ಈ ಮಿಷನ್ ಮಾತ್ರ ವಾಪಸ್ ಕೊಡಬ್ಯಾಡ. ಹಿಂದಿಂದು ಒಂದ ಕಾಳೂ ಹೊರಗ ಹಾಕಲಿಲ್ಲ."